ಯಾಸೀನ್ ಸಾವಿನ ಅಧ್ಯಾಯವೇ?

ಪ್ರಶ್ನೆ: ನಮ್ಮ ಪಕ್ಕದ ಮನೆಯ ಅಜ್ಜಿಯೊಬ್ಬರು ಕಳೆದ ತಿಂಗಳು ತೀರಿಕೊಂಡರು. ಕೊನೆಯ ಎರಡು ದಿನ ಮಕ್ಕಳೂ ಸೊಸೆಯಂದಿರೂ ಸರದಿಯಂತೆ ಹಾಸಿಗೆಯ ಬಳಿ ಕುಳಿತು ‘ಯಾಸೀನ್’ ಓದುತ್ತಿದ್ದರು. ಅದು ಕುರಾನಿನ ಹೃದಯವೆಂದು ಅವರ ಮಗ ಹೇಳಿದರು. ಆ ದುಃಖದಲ್ಲಿ ಹೆಚ್ಚು ಕೇಳಲು ನನಗೆ ಮನಸ್ಸಾಗಲಿಲ್ಲ. ಅದರಲ್ಲಿ ಏನಿದೆ? ಅದು ಸಾಯುವವರಿಗಾಗಿಯೇ ಇರುವ ಅಧ್ಯಾಯವೇ? ಹಿಂದೂವಾದ ನಾನು ಅಲ್ಲಿ ಕುಳಿತದ್ದು ತಪ್ಪಾಯಿತೇ?
— ಓದುಗರೊಬ್ಬರು, ಚಿಂತಾಮಣಿ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ತಪ್ಪೇನೂ ಆಗಲಿಲ್ಲ. ಕುರಾನ್ ಓದುವಾಗ ಮಾತನಾಡದೆ ಕಿವಿಗೊಡಬೇಕೆಂಬುದೊಂದೇ ಅಲ್ಲಿನ ಮರ್ಯಾದೆ. ನೀವು ಅದನ್ನು ಪಾಲಿಸಿದ್ದೀರಿ.

ಯಾಸೀನ್ ಕುರಾನಿನ 114 ಅಧ್ಯಾಯಗಳಲ್ಲಿ 36ನೆಯದು. ಇದರಲ್ಲಿ 83 ವಚನಗಳಿವೆ. ಪ್ರವಾದಿ ಮುಹಮ್ಮದರು 622ರಲ್ಲಿ ಮದೀನಾಕ್ಕೆ ವಲಸೆ ಹೋಗುವುದಕ್ಕೆ ಮೊದಲು, ಮೆಕ್ಕಾದ ಜನ ಅವರನ್ನು ಸುಳ್ಳುಗಾರನೆಂದು ಹಳಿಯುತ್ತಿದ್ದ ದಿನಗಳಲ್ಲಿ, ಇದು ಅವತೀರ್ಣವಾಯಿತೆಂದು ನಂಬಲಾಗಿದೆ. ‘ಯಾ’ ಮತ್ತು ‘ಸೀನ್’ ಎಂಬವು ಎರಡು ಅರಬ್ಬಿ ಅಕ್ಷರಗಳು. ಕುರಾನಿನ 29 ಅಧ್ಯಾಯಗಳು ಇಂತಹ ಬಿಡಿ ಅಕ್ಷರಗಳಿಂದ ಆರಂಭವಾಗುತ್ತವೆ, ಅವುಗಳ ಅರ್ಥ ದೇವರಿಗೇ ಗೊತ್ತು ಎನ್ನುವುದು ಬಹುಪಾಲು ವಿದ್ವಾಂಸರ ನಿಲುವು. ‘ಕುರಾನಿನ ಹೃದಯ’ ಎಂಬ ಮಾತು ಕುರಾನಿನದಲ್ಲ, ಹದೀಸಿನದು, ಅಂದರೆ ಪ್ರವಾದಿಯವರ ನುಡಿ-ನಡೆಗಳೆಂದು ದಾಖಲಾದ ವರದಿಯದು. ಆ ಹದೀಸು ಒಬ್ಬರಿಂದೊಬ್ಬರಿಗೆ ದಾಟಿಬಂದ ಪರಂಪರೆ ದುರ್ಬಲವೆಂದು ಅನೇಕ ಪಂಡಿತರು ಹೇಳಿದ್ದಾರೆ. ಮರಣಶಯ್ಯೆಯಲ್ಲಿರುವವರ ಬಳಿ ಇದನ್ನು ಓದಿರೆಂಬ ಹದೀಸಿನ ಬಗೆಗೂ ಅದೇ ಚರ್ಚೆಯಿದೆ. ಆದರೂ ತಲೆಮಾರುಗಳಿಂದ ಜನ ಈ ಅಧ್ಯಾಯವನ್ನು ಬಾಯಿಪಾಠ ಮಾಡಿಕೊಂಡು, ಶಬೇ ಬರಾತ್ ಎಂಬ ಪ್ರಾರ್ಥನೆಯ ರಾತ್ರಿಯಲ್ಲಿಯೂ ರೋಗಿಯ ತಲೆದೆಸೆಯಲ್ಲಿಯೂ ಓದುತ್ತ ಬಂದಿದ್ದಾರೆ. ಆ ಪ್ರೀತಿ ಎಲ್ಲಿಂದ ಬಂತೆಂಬುದು ಅಧ್ಯಾಯದೊಳಗಿನ ಮಾತುಗಳನ್ನು ನೋಡಿದರೆ ತಿಳಿಯುತ್ತದೆ.

ಅದರಲ್ಲೊಂದು ಕಥೆಯಿದೆ. ಒಂದು ಊರಿಗೆ ದೇವರ ಸಂದೇಶ ಹೊತ್ತ ಇಬ್ಬರು ದೂತರು ಬರುತ್ತಾರೆ. ಜನ ನಂಬದಿದ್ದಾಗ ಅವರ ಬಲಕ್ಕೆ ಮೂರನೆಯವನನ್ನು ಕಳುಹಿಸಲಾಗುತ್ತದೆ. ನಿಮ್ಮಿಂದ ನಮಗೆ ಅಪಶಕುನವಾಯಿತು, ಸುಮ್ಮನಾಗದಿದ್ದರೆ ಕಲ್ಲೆಸೆದು ಕೊಲ್ಲುತ್ತೇವೆ ಎಂದು ಊರವರು ಬೆದರಿಸುತ್ತಾರೆ. ಆಗ ಊರಿನ ದೂರದ ಅಂಚಿನಿಂದ ಒಬ್ಬ ಸಾಮಾನ್ಯ ಮನುಷ್ಯ ಓಡುತ್ತ ಬಂದು, ‘ನಿಮ್ಮಿಂದ ಕೂಲಿ ಕೇಳದ ಇವರ ಮಾತನ್ನು ಅನುಸರಿಸಿ’ ಎಂದು ಬೇಡಿಕೊಳ್ಳುತ್ತಾನೆ. ವ್ಯಾಖ್ಯಾನಕಾರರು ಅವನನ್ನು ಹಬೀಬ್ ಎಂಬ ಬಡಗಿಯೆಂದು ಗುರುತಿಸುತ್ತಾರೆ, ಕುರಾನ್ ಮಾತ್ರ ಅವನ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಹೇಳುವುದಿಲ್ಲ. ಅವನನ್ನು ಜನ ಕೊಂದರೆಂಬುದನ್ನೂ ಅದು ಬಿಡಿಸಿ ಹೇಳದೆ, ‘ಸ್ವರ್ಗವನ್ನು ಪ್ರವೇಶಿಸು’ ಎಂಬ ಕರೆ ಅವನಿಗೆ ಬಂದುದನ್ನಷ್ಟೇ ಹೇಳುತ್ತದೆ. ಅಲ್ಲಿ ನಿಂತು ಅವನಾಡುವ ಮಾತು ನನ್ನ ಮನಸ್ಸನ್ನು ಪ್ರತಿ ಸಲವೂ ಕಲಕುತ್ತದೆ: ನನ್ನ ಒಡೆಯ ನನ್ನನ್ನು ಕ್ಷಮಿಸಿದ್ದು ನನ್ನ ಜನರಿಗೆ ತಿಳಿದಿದ್ದರೆ ಎಷ್ಟು ಚೆನ್ನಾಗಿತ್ತು! ತನ್ನನ್ನು ಕೊಂದವರನ್ನು ಅವನು ಶಪಿಸುವುದಿಲ್ಲ, ಅವರ ಹಿತವನ್ನೇ ಬಯಸುತ್ತಾನೆ.

ಕಥೆ ಮುಗಿದ ಮೇಲೆ ಬರುವ 33ನೆಯ ವಚನದಿಂದ ಮುಂದಿನದು ನಮ್ಮ ಸೀಮೆಯವರಿಗೆ ವಿವರಣೆಯಿಲ್ಲದೆಯೇ ಅರ್ಥವಾಗುವಂಥದ್ದು. ಸತ್ತು ಬಿದ್ದ ನೆಲಕ್ಕೆ ದೇವರು ಜೀವ ಕೊಟ್ಟದ್ದು, ಅದರಿಂದ ಕಾಳು ಬೆಳೆಸಿದ್ದು, ಖರ್ಜೂರದ ಮತ್ತು ದ್ರಾಕ್ಷಿಯ ತೋಟಗಳನ್ನು ಮಾಡಿ ಬುಗ್ಗೆಗಳನ್ನು ಉಕ್ಕಿಸಿದ್ದು ಒಂದು ನಿದರ್ಶನವೆಂದು ಅದು ಹೇಳುತ್ತದೆ. ಕೆರೆಯಂಗಳ ಬಿರುಕು ಬಿಟ್ಟು, ಕೊಳವೆಬಾವಿ ಬತ್ತಿ, ಒಂದೆರಡು ಹದವಾದ ಮಳೆಗೆ ಹೊಲದಲ್ಲಿ ರಾಗಿಯ ಪೈರು ಮತ್ತೆ ಎದ್ದು ನಿಂತುದನ್ನು ಕಂಡ ಚಿಂತಾಮಣಿಯವರಿಗೆ, ಇನ್ನೂ ದ್ರಾಕ್ಷಿ ಬೆಳೆಯುವ ಚಿಕ್ಕಬಳ್ಳಾಪುರದವರಿಗೆ, ಈ ಹೋಲಿಕೆಯನ್ನು ಹೊರಗಿನವರು ಬಂದು ತಿಳಿಸಬೇಕಾಗಿಲ್ಲ. ಇದರ ಬೆನ್ನಿಗೇ, ಕೃಷ್ಣಪಕ್ಷದ ಕೊನೆಗೆ ಖರ್ಜೂರದ ಹಳೆಯ ಒಣ ದಂಟಿನಂತೆ ಬಾಗುವ ಚಂದ್ರನ ಚಿತ್ರ ಬರುತ್ತದೆ.

ಕೊನೆಯ ಭಾಗದಲ್ಲಿ ಒಬ್ಬನು ‘ಕೊಳೆತು ಪುಡಿಯಾದ ಎಲುಬುಗಳಿಗೆ ಮತ್ತೆ ಜೀವ ಕೊಡುವವರು ಯಾರು?’ ಎಂದು ಕೇಳುತ್ತಾನೆ. ಮೊದಲ ಸಲ ಅವುಗಳನ್ನು ಸೃಷ್ಟಿಸಿದವನೇ ಕೊಡುತ್ತಾನೆಂಬುದು ಉತ್ತರ. ಎಲ್ಲರೂ ಅವನೆಡೆಗೇ ಮರಳುವರೆಂಬ ಮಾತಿನಿಂದ ಅಧ್ಯಾಯ ಮುಗಿಯುತ್ತದೆ.

ಹೀಗಾಗಿ ಯಾಸೀನನ್ನು ಸಾವಿನ ಅಧ್ಯಾಯವೆಂದು ಕರೆಯುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಈ ಬೋಧೆ ಬಂದಿರುವುದು ‘ಜೀವಂತವಾಗಿರುವವರನ್ನು ಎಚ್ಚರಿಸಲು’ ಎಂದು 70ನೆಯ ವಚನವೇ ಹೇಳುತ್ತದೆ. ನಿಮ್ಮ ನೆರೆಮನೆಯವರು ತಾಯಿಗೆ ನೆಮ್ಮದಿಯಾಗಲೆಂದು ಓದುತ್ತಿದ್ದಾಗ, ಅದರ ಮಾತುಗಳು ಸುತ್ತ ಕುಳಿತವರಿಗೂ ಸಲ್ಲುತ್ತಿದ್ದವು. ಕುರಾನಿನ ಕನ್ನಡ ಅನುವಾದಗಳು ಸಿಗುತ್ತವೆ, ಈ ಅಧ್ಯಾಯದ 13ರಿಂದ 40ರವರೆಗಿನ ವಚನಗಳನ್ನು ಓದಿನೋಡಿ. ದುಃಖ ಸ್ವಲ್ಪ ಆರಿದ ಮೇಲೆ ಆ ಮಗನನ್ನೂ ಕೇಳಿ. ತಾಯಿಯ ಬಳಿ ಕುಳಿತು ತಾನು ಓದಿದ್ದನ್ನು ಪಕ್ಕದ ಮನೆಯವರು ಅರಿಯಬಯಸಿದರೆಂದು ತಿಳಿದರೆ ಅವರು ಬೇಸರಪಡಲಾರರು.