ಕ್ಯಾಮೆರಾ ಮಾರುತ್ತೇನೆ ಎಂದು ಬಂದವರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದವರನ್ನು ‘ಕ’ ಎಂದು ಕರೆದಿದ್ದೇನೆ.)

ಕ ಅವರಿಗೆ ನಲವತ್ತೇಳು ವರ್ಷ, ಬ್ಯಾಂಕ್ ಅಧಿಕಾರಿ. ನಿದ್ದೆಯಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಎಂದು ಹೆಂಡತಿ ಒತ್ತಾಯ ಮಾಡಿ ಕಳುಹಿಸಿದ್ದರು. ಮೊದಲ ಭೇಟಿಯಲ್ಲಿ ಅವರು ಹೆಚ್ಚು ಮಾತನಾಡಿದ್ದು ಲೆನ್ಸುಗಳ ಬೆಲೆಯ ಬಗ್ಗೆ. “ಎಲ್ಲವನ್ನೂ ಮಾರಿಬಿಡುತ್ತೇನೆ ಮೇಡಂ. ಇಷ್ಟು ವರ್ಷ ಫೋಟೋ ತೆಗೆದದ್ದು ಯಾತಕ್ಕೆ ಎಂದೇ ತಿಳಿಯುತ್ತಿಲ್ಲ.”

ತೆಗೆದದ್ದು ಕಡಿಮೆಯೇನಲ್ಲ. ರಂಗನತಿಟ್ಟು, ಕಬಿನಿ, ದಾಂಡೇಲಿ ಎಂದು ರಜೆಗಳೆಲ್ಲ ಹಕ್ಕಿ, ಹುಲಿಗಳಿಗೇ ಸಂದಿದ್ದವು. ಸಲೂನ್ ಎಂದು ಕರೆಯುವ ಅಂತರರಾಷ್ಟ್ರೀಯ ಛಾಯಾಚಿತ್ರ ಸ್ಪರ್ಧೆಗಳಲ್ಲಿ ಚಿತ್ರಗಳು ಆಯ್ಕೆಯಾಗಿ, ಛಾಯಾಚಿತ್ರ ಕಲೆಯ ಅಂತರರಾಷ್ಟ್ರೀಯ ಒಕ್ಕೂಟ (ಎಫ್‌ಐಎಪಿ) ಕೊಡುವ ಎಎಫ್‌ಐಎಪಿ ಮನ್ನಣೆ ಬಂದಿತ್ತು. ಮುಂದಿನ ಮೆಟ್ಟಿಲಾದ ಇಎಫ್‌ಐಎಪಿಗೆ ಆಯ್ಕೆಗಳನ್ನು ಕೂಡಿಸುತ್ತಿದ್ದಾಗ ತಂದೆ ತೀರಿಕೊಂಡರು. ಪತ್ರಿಕೆಗೆ ಶ್ರದ್ಧಾಂಜಲಿ ಕೊಡಲು ಒಂದು ಫೋಟೋ ಬೇಕಾಯಿತು. ಹಾರ್ಡ್ ಡಿಸ್ಕ್ ಜಾಲಾಡಿದರೆ ಬಣ್ಣದ ಕೊಕ್ಕರೆ ಸಾವಿರಾರು ಇವೆ, ಅಪ್ಪ ಇಲ್ಲ. ಕೊನೆಗೆ ಊರಿನ ಸ್ಟುಡಿಯೋದವರು ಆಧಾರ್ ಕಾರ್ಡಿನ ಚಿತ್ರವನ್ನೇ ದೊಡ್ಡದು ಮಾಡಿ, ಹಿಂದೆ ನೀಲಿ ತುಂಬಿ, ಮೈಮೇಲೊಂದು ಕೋಟು ಕೂರಿಸಿ ಕೊಟ್ಟರು. “ಅಪ್ಪ ಜೀವಮಾನದಲ್ಲಿ ಕೋಟು ತೊಟ್ಟವರಲ್ಲ ಮೇಡಂ.”

ಖಿನ್ನತೆಯ ಲಕ್ಷಣಗಳಿವೆಯೇ ಎಂದು ಮೊದಲು ವಿಚಾರಿಸಿದೆ. ಊಟ, ಕಚೇರಿ ಕೆಲಸ ನಡೆಯುತ್ತಿತ್ತು. ಬದುಕೇ ಬೇಡವೆನ್ನುವ ಯೋಚನೆ ಇರಲಿಲ್ಲ. ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣಲು ಒಪ್ಪಿಸಿದೆ. ಇದ್ದದ್ದು ಅಗಲಿಕೆಯ ದುಃಖ, ಅದಕ್ಕೆ ಅಂಟಿಕೊಂಡ ಅಪರಾಧಿ ಭಾವ. ಶಿಕ್ಷೆ ಮಾತ್ರ ಕ್ಯಾಮೆರಾಕ್ಕೆ.

ಹಕ್ಕಿಗಿಂತ ಮನೆಯವರು ಮುಖ್ಯವಲ್ಲವೇ ಎಂದು ನಾನು ಕೇಳಲಿಲ್ಲ. ಆ ಕೆಲಸವನ್ನು ನೆಂಟರು ಆಗಲೇ ಮುಗಿಸಿದ್ದರು. ಆಯ್ಕೆಯಾದ ಚಿತ್ರಗಳನ್ನು ಯಾರೆಲ್ಲ ನೋಡಿದರು ಎಂದಷ್ಟೇ ಕೇಳಿದೆ. ತುಸು ಹೊತ್ತು ಬಿಟ್ಟು “ಮೂವರು ತೀರ್ಪುಗಾರರು” ಎಂದರು. ತೆರೆಯ ಮೇಲೆ ಕೆಲವು ಸೆಕೆಂಡು, ಒಂದು ಅಂಕ, ಮುಂದಿನ ಚಿತ್ರ. ಸಲೂನನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬೆಳಕಿಗೆ ಕಾಯುವುದು, ಚೌಕಟ್ಟು ಕಟ್ಟುವುದು ಅವರಿಗೆ ಒಲಿದದ್ದು ಆ ಗರಡಿಯಲ್ಲೇ. ಆದರೆ ಕೈ ಪಳಗಿದ ಮೇಲೂ ಅವರು ಅದೇ ಪರೀಕ್ಷೆಗೆ ಮತ್ತೆ ಮತ್ತೆ ಕೂರುತ್ತಿದ್ದರು. ಯಾರಿಗೆ, ಏನನ್ನು ತೋರಿಸಬೇಕು ಎಂಬುದಕ್ಕೆ ಅಲ್ಲಿ ಅಂಕವಿಲ್ಲ.

ಮೈಸೂರಿನ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ನೋಡಿಕೊಂಡು ಬನ್ನಿ ಎಂದೆ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಸತ್ಯನ್ ತೆಗೆದ ಮಕ್ಕಳ ಚಿತ್ರಗಳನ್ನು ಯುನಿಸೆಫ್ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿಸಿತ್ತು. ನೋಡಿ ಬಂದ ಕ ಅವರಿಗೆ ಕಣ್ಣಿಗೆ ಬಿದ್ದದ್ದು ದೂರದ ಲೆಕ್ಕ: “ಎಷ್ಟು ಹತ್ತಿರ ನಿಂತಿದ್ದಾರೆ! ಹಕ್ಕಿ ತೆಗೆಯುವ ನನ್ನ 200–600 ಮಿ.ಮೀ. ಲೆನ್ಸು ಎರಡು ಮೀಟರಿಗಿಂತ ಹತ್ತಿರವಿದ್ದದ್ದನ್ನು ಫೋಕಸ್ ಮಾಡುವುದೇ ಇಲ್ಲ.” ಅಂದು ಮೊದಲ ಸಲ ನಕ್ಕರು.

ಸಲಹೆ ಹೀಗಿತ್ತು. ಆರು ತಿಂಗಳು ಏನನ್ನೂ ಮಾರುವುದು ಬೇಡ, ಸಲೂನಿಗೆ ಕಳುಹಿಸುವುದೂ ಬೇಡ. ದೂರದ್ದನ್ನು ಹತ್ತಿರಕ್ಕೆ ಎಳೆಯದ 50 ಮಿ.ಮೀ. ಲೆನ್ಸ್ ಹಾಕಿಕೊಂಡು ಮನೆಯ ಆಸುಪಾಸಿನ ಒಂದೇ ವಿಷಯಕ್ಕೆ ಅಂಟಿಕೊಳ್ಳಬೇಕು. ತೆಗೆದದ್ದನ್ನು ಕಾಗದದ ಮೇಲೆ ಮುದ್ರಿಸಿ, ಚಿತ್ರದಲ್ಲಿರುವವರ ಕೈಗೇ ಕೊಡಬೇಕು. ಅವರು ತಾಯಿಯಿಂದಲೇ ಶುರುಮಾಡಲು ಹೋದರು. “ನನ್ನದನ್ನೂ ಈಗಲೇ ತೆಗೆದಿಟ್ಟುಕೊಳ್ಳುತ್ತೀಯೇನೋ?” ಎಂದು ಆಕೆ ಸೆರಗು ಮುಖಕ್ಕೆ ಎಳೆದುಕೊಂಡರಂತೆ. ಒತ್ತಾಯ ಬೇಡವೆಂದೆ. ಆ ಮನೆಯಲ್ಲಿ ಕ್ಯಾಮೆರಾ ಸದ್ಯಕ್ಕೆ ಸಾವಿನ ಸಾಮಾನು. ಆ ಅಂಜಿಕೆ ತಾನಾಗಿ ಇಳಿಯಬೇಕು.

ಬದಲಿಗೆ ಸಿಕ್ಕಿದ್ದು ತಂದೆ ಸಂಜೆ ಹೊತ್ತು ಕೂರುತ್ತಿದ್ದ ಕಿರಾಣಿ ಅಂಗಡಿಯ ಜಗಲಿ. ಅಲ್ಲಿನ ಹಿರಿಯರು ಮೊದಲ ಭಾನುವಾರಗಳಲ್ಲಿ ಬೆನ್ನು ನೆಟ್ಟಗೆ ಮಾಡಿ, ಕಾಲರ್ ಸರಿಪಡಿಸಿಕೊಂಡು ಕೂತರು. ಎಲ್ಲ ಚಿತ್ರಗಳೂ ಸಪ್ಪೆ. ಆಮೇಲೆ ಇವರ ಕಡೆ ನೋಡುವುದನ್ನೇ ಬಿಟ್ಟು ಜಗಳಕ್ಕೆ, ಎಲೆ ಅಡಿಕೆಗೆ ಮರಳಿದರು. ಹಕ್ಕಿಗೆ ಕಾದ ತಾಳ್ಮೆ ಇಲ್ಲಿ ಕೆಲಸಕ್ಕೆ ಬಂತು. ಅಪ್ಪನ ಬಗ್ಗೆ ಇವರಿಗೆ ಗೊತ್ತಿರದ ಸಂಗತಿಗಳೂ ಅಲ್ಲೇ ಕಿವಿಗೆ ಬಿದ್ದವು. ಅವುಗಳ ಮಾತು ಬಂದಾಗ ಅವರು ಅತ್ತರು. ನಾನು ಕಾಯುತ್ತಿದ್ದುದೂ ಅದಕ್ಕೇ.

ನಿದ್ದೆ ಈಗ ವಾಸಿ. ಇಎಫ್‌ಐಎಪಿ ಬೇಕೇ ಬೇಡವೇ ಎಂಬುದನ್ನು ಅವರಿನ್ನೂ ತೀರ್ಮಾನಿಸಿಲ್ಲ, ನಾನೂ ಕೆದಕಿಲ್ಲ. ಮುಂದಿನ ಭೇಟಿಗೆ ಜಗಲಿಯ ಹನ್ನೆರಡೇ ಚಿತ್ರ ತನ್ನಿ, ಆಯ್ಕೆ ನಿಮ್ಮದೇ ಎಂದಿದ್ದೇನೆ. ನಲವತ್ತಕ್ಕಿಂತ ಕಡಿಮೆ ಸಾಧ್ಯವಿಲ್ಲವೆಂದು ಚೌಕಾಸಿ ನಡೆಸಿದ್ದಾರೆ.