ಬೆಟ್ಟದ ಲೆಕ್ಕ ಬರೆದಿಟ್ಟವರು ಯಾರು?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಕಾಡಿನದ್ದೇ. ಮಳೆ ಹಿಡಿದು ಮನೆಯಲ್ಲಿ ಕೂತರೆ ಎಲ್ಲರ ತಲೆಯೂ ಅತ್ತಲೇ ಓಡುತ್ತದೋ ಏನೋ. ನಾಲ್ಕು ಪತ್ರ ಆರಿಸಿದ್ದೇನೆ. ಹೆಸರು ಬೇಡ ಅಂದವರೇ ಜಾಸ್ತಿ, ಹಾಗಾಗಿ ಯಾರದ್ದೂ ಹಾಕಿಲ್ಲ.

ಪ್ರಶ್ನೆ: ನಮಸ್ಕಾರ ಮಾವ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು ಎರಡು ವರ್ಷ ಆಯಿತು. ಎರಡು ಎಕರೆ ಅಡಿಕೆ ತೋಟ, ಅದಕ್ಕೆ ಸೇರಿದ ಸೊಪ್ಪಿನ ಬೆಟ್ಟ ಇದೆ. ಬೆಟ್ಟದ ಒಂದು ಮರವನ್ನೂ ಅಪ್ಪ ಮುಟ್ಟಲು ಬಿಡುವುದಿಲ್ಲ. ಪಕ್ಕದವರು ಸದ್ದಿಲ್ಲದೆ ಬೆಟ್ಟ ಸವರಿ ಅಡಿಕೆ ಸಸಿ ನೆಟ್ಟಿದ್ದಾರೆ. ನಮಗೆ ಕಾಡಿನಿಂದ ಬರುವುದು ಮಂಗ ಮತ್ತು ಹಂದಿ ಮಾತ್ರ. ಕಾಡು ಉಳಿಸಿದರೆ ಊರಿಗೆ ಆದಾಯ ಅಂತ ಪೇಪರಿನಲ್ಲಿ ಬರೆಯುತ್ತಾರಲ್ಲ, ಆ ದುಡ್ಡು ಎಲ್ಲಿದೆ?
(ಸಿರ್ಸಿ ತಾಲೂಕು)

ಉತ್ತರ: ತಮ್ಮಾ, ಕಾನೂನಿನ ಮಾತು ಮೊದಲು ಮುಗಿಸಿಬಿಡೋಣ. ಸೊಪ್ಪಿನ ಬೆಟ್ಟದಲ್ಲಿ ಸೊಪ್ಪು, ದರಕು (ಉದುರಿದ ಒಣ ಎಲೆ), ಒಣ ಕಟ್ಟಿಗೆ ತರುವ ಹಕ್ಕು ನಿಮ್ಮದು. ನೆಲ ಸರ್ಕಾರದ್ದು. ಬ್ರಿಟಿಷರ ಕಾಲದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ತನಕ ಬೆಟ್ಟ ಬಿಟ್ಟುಕೊಟ್ಟದ್ದು ತೋಟಕ್ಕೆ ಗೊಬ್ಬರ ಆಗಲಿ ಅಂತ, ಇನ್ನೊಂದು ತೋಟ ಆಗಲಿ ಅಂತ ಅಲ್ಲ. ಪಕ್ಕದವರ ಸಸಿ ಫಲಕ್ಕೆ ಬರುವ ಹೊತ್ತಿಗೆ ಅವರ ಮೇಲಿನ ಕೇಸೂ ಫಲಕ್ಕೆ ಬಂದೀತು.

ಇನ್ನು ದುಡ್ಡು. ನೀನು ಎಲ್ಲಿದೆ ಅಂತ ಕೇಳುವುದು ಸರಿಯೇ, ಯಾಕೆಂದರೆ ಅದಕ್ಕೆ ರಸೀದಿ ಇಲ್ಲ. ಅಡಿಕೆ ದುಡ್ಡು ಸೊಸೈಟಿಯ ಖಾತೆಗೆ ಬೀಳುತ್ತದೆ, ಮೊಬೈಲಿಗೆ ಮೆಸೇಜು ಬರುತ್ತದೆ. ಬೆಟ್ಟದ್ದಕ್ಕೆ ಮೆಸೇಜು ಬರುವುದಿಲ್ಲ. ನಾನೂ ಹೋದ ವರ್ಷದ ತನಕ ಲೆಕ್ಕ ಹಾಕಿದವನಲ್ಲ. ಆಮೇಲೆ ಸುಮ್ನೆ ಹಟಕ್ಕೆ ಬಿದ್ದು ಯುಗಾದಿಯಿಂದ ಯುಗಾದಿಗೆ ಬೆಟ್ಟದಿಂದ ಮನೆಗೆ ಬಂದದ್ದನ್ನೆಲ್ಲ ಹಳೇ ಕ್ಯಾಲೆಂಡರಿನ ಹಿಂಬದಿ ಬರೆದಿಟ್ಟೆ. ಕೊಟ್ಟಿಗೆಗೆ ದರಕು, ತೋಟಕ್ಕೆ ಸೊಪ್ಪು, ಬಚ್ಚಲೊಲೆಗೆ ಕಟ್ಟಿಗೆ, ಉಪ್ಪಿನಕಾಯಿಗೆ ಅಪ್ಪೆಮಿಡಿ, ಸಾರಿಗೆ ವಾಟೆಹುಳಿ, ಹಿಮ್ಮಡಿ ಒಡೆದರೆ ಹಚ್ಚಲು ಮುರುಗಲ ತುಪ್ಪ, ಎರಡು ಬಾಟಲಿ ಜೇನು. ದರಕಿನ ಜಾಗದಲ್ಲಿ ಗೊಬ್ಬರದ ಅಂಗಡಿಗೆ ಹೋಗಿದ್ದರೆ ಎಷ್ಟಾಗುತ್ತಿತ್ತು ಅಂತ ಕೂಡಿಸುವಾಗ ಹೆಂಡತಿ ಬಂದು ಕೇಳಿದಳು, ನೀರು ಬರೆದಿರಾ ಅಂತ.

ಬರೆದಿರಲಿಲ್ಲ ಮಾರಾಯಾ. ನಮ್ಮನೆ ಹಿತ್ತಲಿಗೆ ಬರುವುದು ಅಬ್ಬಿ ನೀರು. ಬೆಟ್ಟದ ಬುಡದಲ್ಲಿ ಹುಟ್ಟಿ, ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿದು ಬರುತ್ತದೆ. ದಂಬೆಯ ತುದಿಗೆ ಒಂದು ತುಂಡು ಬಾಳೆ ಎಲೆ ಸಿಕ್ಕಿಸಿರುತ್ತೇವೆ, ನೀರು ಹಿಂದಕ್ಕೆ ಜಾರದೆ ನೇರ ಕೊಡಕ್ಕೆ ಬೀಳಲಿ ಅಂತ. ಪಂಪಿಲ್ಲ, ಕರೆಂಟಿಲ್ಲ, ಕೆಡುವುದಕ್ಕೆ ಏನೂ ಇಲ್ಲ, ಎಲೆ ಒಣಗಿದರೆ ಬೇರೆ ಎಲೆ. ಗುಡ್ಡದ ಆಚೆ ಮಗ್ಗುಲಿನ ಕೇರಿಗೂ ಹೀಗೇ ಬರುತ್ತಿತ್ತು. ಅಲ್ಲಿ ಮೇಲಿನ ಕಾಡು ತೆಗೆದು ಅಕೇಶಿಯಾ ಮಾಡಿದರು. ಈಗ ಶಿವರಾತ್ರಿ ಹೊತ್ತಿಗೆ ದಂಬೆ ಒಣಗುತ್ತದೆ. ಮೂರು ಮನೆಯವರು ಬೋರ್‌ವೆಲ್ ತೆಗೆಸಿದರು, ಒಬ್ಬರಿಗೆ ನೀರೇ ಸಿಗಲಿಲ್ಲ, ಸಾಲ ಮಾತ್ರ ಉಳಿಯಿತು. ಅಕೇಶಿಯಾ ಎಲೆ ಬೇಗ ಕೊಳೆಯುವುದೂ ಇಲ್ಲ, ಗೊಬ್ಬರಕ್ಕೂ ಬಾರದು. ನಮ್ಮ ಜಿಲ್ಲೆಯ ಹಳ್ಳಗಳನ್ನು ವರ್ಷಗಟ್ಟಲೆ ನೋಡಿದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹೇಳುವುದೂ ಇದನ್ನೇ: ಹಳ್ಳದ ಜಲಾನಯನದಲ್ಲಿ ಶೇ 60ಕ್ಕಿಂತ ಜಾಸ್ತಿ ಊರಿನದೇ ಜಾತಿಯ ಕಾಡು ಇದ್ದರೆ ನೀರು ವರ್ಷವಿಡೀ ಇರುತ್ತದೆ, ಇಲ್ಲದಿದ್ದರೆ ಮಳೆ ನಿಂತ ಕೆಲವು ತಿಂಗಳಿಗೆ ನಿಲ್ಲುತ್ತದೆ. ನಿನ್ನ ಎರಡು ಎಕರೆ ಅಡಿಕೆ ಬೇಸಿಗೆಯಲ್ಲಿ ಯಾವ ನೀರು ಕುಡಿಯುತ್ತದೆ? ಬೆಟ್ಟ ಸವರಿ ನೆಟ್ಟ ಹೊಸ ಅಡಿಕೆಗೂ ಅದೇ ನೀರು ಬೇಕು. ಹಂಡೆಯ ತಳ ತೂತು ಮಾಡಿ ಇನ್ನೊಂದು ತಂಬಿಗೆ ಇಟ್ಟ ಹಾಗೆ.

ಹಾಗಂತ ಕಾಡು ಇದ್ದರೆ ದುಡ್ಡು ತಾನಾಗಿ ಬರುತ್ತದೆ ಅಂತ ನಾನು ಹೇಳುವುದಿಲ್ಲ. ಉಪ್ಪಾಗೆ ಅನ್ನುವ ಹುಳಿಹಣ್ಣಿನ ಕಾಡುಮರದ ಕಥೆ ನಿನ್ನ ಅಪ್ಪನನ್ನು ಕೇಳು. ಮೊದಲು ನಮಗೆ ಉಪ್ಪಾಗೆ ಅಂದರೆ ಬೀಜದಿಂದ ತೆಗೆಯುವ ತುಪ್ಪ, ಸಿಪ್ಪೆಯ ಹುಳಿ, ಅಷ್ಟೇ. 1990ರ ದಶಕದಲ್ಲಿ ಇದರ ಸಿಪ್ಪೆಯಿಂದ ಮೈ ತೂಕ ಇಳಿಯುತ್ತದೆ ಅಂತ ಹೊರದೇಶದಲ್ಲಿ ಯಾರೋ ಹೇಳಿದರು, ರೇಟು ಏರಿತು ನೋಡು, ಜನ ಮಳೆಯಲ್ಲೇ ಕಾಡಿಗೆ ನುಗ್ಗಿದರು. ಮರ ಯಾರದ್ದೂ ಅಲ್ಲ. ನಾನು ಹಣ್ಣಾಗಲಿ ಅಂತ ಬಿಟ್ಟರೆ ನಾಳೆ ಬೆಳಿಗ್ಗೆ ಇನ್ನೊಬ್ಬ ಕೊಯ್ದಿರುತ್ತಾನೆ. ಹಾಗಾಗಿ ಎಳೆಕಾಯಿ ಕೊಯ್ದರು, ಕೈಗೆ ಸಿಗದ ಕೊಂಬೆ ಕಡಿದರು. ಮಳೆಗಾಲದ ಹಣ್ಣು ಬಿಸಿಲಿಗೆ ಒಣಗುವುದಿಲ್ಲ, ಒಲೆ ಹಾಕಬೇಕು, ಅದಕ್ಕೆ ರಾಶಿ ಕಟ್ಟಿಗೆ. ಒಂದು ವರ್ಷ ನಾನೂ ಒಣಗಿಸಿ ನಾಲ್ಕು ಚೀಲ ತುಂಬಿಸಿ ಒಬ್ಬ ವ್ಯಾಪಾರಿಗೆ ಕೊಟ್ಟೆ. ಆತ ಚೀಲಕ್ಕೆ ಕೈ ಹಾಕಿ, ಮೂಸಿ, ಹೊಗೆ ವಾಸನೆ ಅಂತ ಅರ್ಧ ರೇಟು ಹೇಳಿದ. ವಾಪಸ್ ಹೊರುವ ಶಕ್ತಿ ಇರಲಿಲ್ಲ, ಕೊಟ್ಟು ಬಂದೆ. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷೆ ಮಾಡಿ, ಉಪ್ಪಾಗೆ ಸತ್ವಕ್ಕೂ ಔಷಧವೇ ಇಲ್ಲದ ಮಾತ್ರೆಗೂ ವ್ಯತ್ಯಾಸ ಕಾಣಲಿಲ್ಲ ಅಂದರು. ನಮ್ಮ ಕೊಂಬೆ ಹೋದದ್ದು ಹೋಯಿತು. ಕೊಯ್ಯುವವನಿಗೆ ಮುಂದಿನ ವರ್ಷವೂ ಆ ಮರ ನನ್ನದೇ ಅನ್ನುವ ಧೈರ್ಯ ಇದ್ದರೆ ಮಾತ್ರ ಆತ ಹಣ್ಣಾಗುವ ತನಕ ಕಾಯುತ್ತಾನೆ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನದ ಒಡೆತನ ಅಂತ ಬರೆದಿರುವುದು ಈ ಧೈರ್ಯವನ್ನೇ. ಆದರೆ ಬುಡಕಟ್ಟಿನವರಲ್ಲದವರು ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸ ತೋರಿಸಬೇಕು. ಅಜ್ಜನ ಕಾಲದ ಕಾಗದ ಯಾರ ಮನೆಯಲ್ಲಿ ಗೆದ್ದಲು ತಿನ್ನದೆ ಉಳಿದಿದೆ ಹೇಳು.

ಮಂಗ, ಹಂದಿಯ ಮಾತು ಸುಳ್ಳಲ್ಲ. ಕಾಡಿನ ಖರ್ಚಿನ ಪುಟವೂ ಇದೆ, ಅದನ್ನು ಪೇಪರಿನವರು ಬರೆಯುವುದಿಲ್ಲ. ಸಿದ್ದಾಪುರದ ಕಡೆ ಮಂಗನ ಕಾಯಿಲೆಗೆ ಜನ ಸತ್ತಿದ್ದಾರೆ. ಬೆಳೆಹಾನಿಗೆ ಅರ್ಜಿ ಕೊಟ್ಟು ನಾನೇ ಒಂದು ಕಚೇರಿಗೆ ಐದು ಸಲ ಅಲೆದಿದ್ದೇನೆ. ಬಂದ ಪರಿಹಾರಕ್ಕಿಂತ ಬಸ್ಸಿನ ಖರ್ಚು ಜಾಸ್ತಿ. ನೀರು ಕೆಳಗಿನ ಕುಮಟೆಯವರೂ ಕುಡಿಯುತ್ತಾರೆ, ಹಂದಿ ಕಾಯುವವರು ನಾವು ಮಾತ್ರ. ಈ ಜಗಳ ಮಾಡಬೇಕಾದ್ದೇ. ಆದರೆ ಸಿಟ್ಟನ್ನು ಮರದ ಮೇಲೆ ತೀರಿಸಬೇಡ.

ಲೆಕ್ಕ ಹಾಕುವುದು ನಮ್ಮೂರಿಗೆ ಹೊಸದೂ ಅಲ್ಲ. 1980ರ ಆಸುಪಾಸಿನಲ್ಲಿ ಬೇಡ್ತಿ ಹೊಳೆಗೆ ಅಣೆಕಟ್ಟು ಬರುತ್ತದೆ ಅಂದಾಗ ಸಿರ್ಸಿಯ ತೋಟಗಾರರು ಬರೇ ಘೋಷಣೆ ಕೂಗಲಿಲ್ಲ, ವಿಜ್ಞಾನಿಗಳನ್ನು ಕರೆಸಿ ಮುಳುಗುವ ತೋಟ, ಕಾಡು ಎಲ್ಲದರ ಲಾಭ ನಷ್ಟ ಕೂಡಿಸಿ ಕಳೆದು ಸರ್ಕಾರದ ಮುಂದೆ ಇಟ್ಟರು. ಯೋಜನೆ ನಿಂತಿತು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಕಡೆಯವರು ಕಡಿಯುವುದನ್ನು ತಡೆಯಲು ಮರ ಅಪ್ಪಿಕೊಂಡದ್ದು ಎಲ್ಲರಿಗೂ ನೆನಪಿದೆ, ಈ ಲೆಕ್ಕದ ಪುಸ್ತಕ ಮಾತ್ರ ಯಾರಿಗೂ ನೆನಪಿಲ್ಲ. ನೀನು ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತವನು ಅಲ್ವಾ, ಒಂದು ವರ್ಷ ಬರೆದಿಡು. ಆಮೇಲೆ ಅಪ್ಪನ ಹತ್ತಿರ ವಾದ ಮಾಡು.

ಪ್ರಶ್ನೆ: ಅಣ್ಣ, ನಾವು ಅಘನಾಶಿನಿ ಹೊಳೆ ಬದಿಯವರು. ಅತ್ತೆ ಈಗಲೂ ಇಳಿತದ ಹೊತ್ತಿಗೆ ಬಳಚು (ಚಿಪ್ಪೆಕಲ್ಲು) ಹೆಕ್ಕಲು ಹೋಗುತ್ತಾರೆ. ಹೊಳೆಯನ್ನು ರಾಮ್ಸಾರ್ ಅನ್ನುವ, ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಿದ್ದಾರಂತೆ, ಇನ್ನು ನೀರಿಗೆ ಇಳಿಯಲು ಬಿಡುವುದಿಲ್ಲ ಅಂತ ಸುದ್ದಿ. ಕಾರ್ಖಾನೆಯಾದರೂ ಬಂದಿದ್ದರೆ ಕೆಲಸ ಸಿಗುತ್ತಿತ್ತು ಅಂತ ಮನೆಯವರು ಹೇಳುತ್ತಾರೆ. ಹೌದಾ?
(ಕುಮಟಾ ತಾಲೂಕು)

ಉತ್ತರ: ಅಕ್ಕಾ, ಇಳಿಯಲು ಬಿಡುವುದಿಲ್ಲ ಅನ್ನುವುದು ಯಾರೋ ಹಬ್ಬಿಸಿದ ಮಾತು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಜಾಗ ರಾಮ್ಸಾರ್ ಪಟ್ಟಿಗೆ ಸೇರಿದ್ದು ನಿಜ. ಹಾಗೆ ಸೇರಿಸುವಾಗ ಕೊಟ್ಟ ಕಾರಣಗಳಲ್ಲೇ ನಿಮ್ಮ ಅತ್ತೆ ಇದ್ದಾರೆ. ಮೀನು, ಏಡಿ, ಚಿಪ್ಪೆಕಲ್ಲು, ಗಜನಿ (ಉಪ್ಪುನೀರು ನುಗ್ಗುವ ಗದ್ದೆ) ಬೇಸಾಯ, ಉಪ್ಪು ಎಲ್ಲ ಸೇರಿ 6,000ದಿಂದ 7,500 ಕುಟುಂಬಗಳು ಈ ಅಳಿವೆಯಿಂದ ಬದುಕುತ್ತವೆ ಅಂತ ಸರ್ಕಾರವೇ ಹೇಳಿದೆ. ಆ ಪಟ್ಟಿಯ ನಿಯಮವೂ ಹಾಳು ಮಾಡದೆ ಬಳಸಿ ಅಂತ, ಬಳಸಲೇಬೇಡಿ ಅಂತ ಅಲ್ಲ.

ಕಾರ್ಖಾನೆ ವಿಷಯ. ಅಳಿವೆ ಬದಿಯ ತದಡಿಗೆ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಅಂದರು, ದೊಡ್ಡ ಬಂದರು ಅಂದರು, ಜನ ಬೇಡ ಅಂದರು. ಬಂದಿದ್ದರೆ ಕೆಲಸ ಸಿಗುತ್ತಿರಲಿಲ್ಲವಾ? ಕೆಲವರಿಗೆ ಸಿಗುತ್ತಿತ್ತು. ಐಟಿಐ ಮುಗಿಸಿದ ಹುಡುಗನಿಗೆ ಸಿಗುತ್ತಿತ್ತು. ಅರವತ್ತು ದಾಟಿದ ನಿಮ್ಮ ಅತ್ತೆಗೆ ಯಾವ ಗೇಟಿನಲ್ಲಿ ಪಾಸು ಕೊಡುತ್ತಾರೆ? ಹೊಳೆ ಅವರ ವಯಸ್ಸು ಕೇಳುವುದಿಲ್ಲ, ಬಯೋಡಾಟಾ ಕೇಳುವುದಿಲ್ಲ. ಬುಟ್ಟಿ ತುಂಬಿದರೆ ಸಂಜೆಗೆ ಕೈಯಲ್ಲಿ ಕಾಸು, ಅದೂ ಗಂಡಸರ ಕೈಗೆ ಹೋಗದ ಕಾಸು.

ಈ ಹೊಳೆಗೆ ಅಣೆಕಟ್ಟು ಇಲ್ಲ. ಸಿರ್ಸಿಯ ಮೇಲಿನ ಕಾಡಿನಿಂದ ಸಿಹಿನೀರು ತಡೆಯಿಲ್ಲದೆ ಇಳಿದು ಬಂದು ಉಪ್ಪುನೀರಿಗೆ ಸೇರುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರಿನ ಸಂದಿಯಲ್ಲಿ ಮರಿಮೀನು, ಸೀಗಡಿ ಬೆಳೆಯುತ್ತವೆ. ಗಜನಿಯಲ್ಲಿ ಕಗ್ಗ ಭತ್ತ ಗೊಬ್ಬರವಿಲ್ಲದೆ ಉಪ್ಪುನೀರಿನಲ್ಲಿ ನಿಂತು ಬೆಳೆಯುತ್ತದೆ, ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಮೀನು. ಇದನ್ನು ಬಿಟ್ಟು ಸೀಗಡಿ ಕೆರೆಗೆ ಲೀಸ್ ಕೊಟ್ಟವರಿಗೆ 1990ರ ದಶಕದಲ್ಲಿ ಬಿಳಿಚುಕ್ಕೆ ರೋಗ ಬಂದಾಗ ಏನಾಯಿತು ಅಂತ ಊರಿನ ಹಿರಿಯರು ಹೇಳುತ್ತಾರೆ. ಹೊಳೆಗೆ ಈಗಿರುವ ದೊಡ್ಡ ಕಾಟ ಒಳಗಿನದೇ, ಮಿತಿ ಇಲ್ಲದೆ ಮರಳು ಮತ್ತು ಚಿಪ್ಪೆ ತೆಗೆಯುವುದು. ಮರಿಬಳಚು ಸಮೇತ ಬಾಚಿದರೆ ರಾಮ್ಸಾರ್ ಬೋರ್ಡು ಏನು ಮಾಡುತ್ತದೆ? ನಿಮ್ಮ ಮನೆಯವರನ್ನು ಒಂದು ದಿನ ಅತ್ತೆಯ ಜೊತೆ ನೀರಿಗೆ ಇಳಿಸಿ ನೋಡಿ.

ಪ್ರಶ್ನೆ: ದಾಂಡೇಲಿ ಸುತ್ತ ಎಲ್ಲರೂ ರೆಸಾರ್ಟ್ ಮಾಡುತ್ತಿದ್ದಾರೆ. ನಾವೂ ಮನೆ ಪಕ್ಕ ಆರು ರೂಮಿನ ಹೋಮ್‌ಸ್ಟೇ ಕಟ್ಟಲು ಚಿನ್ನ ಅಡ ಇಡುವ ಯೋಚನೆಯಲ್ಲಿದ್ದೇವೆ. ಕಾಡು ಇರುವ ತನಕ ಜನ ಬರುತ್ತಾರಲ್ಲ?
(ಜೊಯಿಡಾ)

ಉತ್ತರ: ಚಿನ್ನ ಅಲ್ಲೇ ಇರಲಿ ಮಾರಾಯ್ರೆ. ಮೊದಲು ಇರುವ ಮನೆಯ ಒಂದು ಕೋಣೆ ಸುಣ್ಣ ಬಳಿದು, ಒಳ್ಳೇ ಕಕ್ಕಸು ಕಟ್ಟಿ ಶುರು ಮಾಡಿ. ನಿಮ್ಮ ಕಡೆ ಜಡಿಮಳೆ ತಿಂಗಳುಗಳಲ್ಲಿ ರೂಮು ಖಾಲಿ, ಬ್ಯಾಂಕಿನ ಬಡ್ಡಿಗೆ ಮಳೆಗಾಲ ಇಲ್ಲ. ಗಣೇಶಗುಡಿಯ ರಾಫ್ಟಿಂಗ್ ನಂಬಿ ಹೂಡಬೇಡಿ, ಅದು ಸೂಪಾ ಅಣೆಕಟ್ಟಿನವರು ನೀರು ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ನಿಮ್ಮಲ್ಲಿ ಇರುವುದು, ರೆಸಾರ್ಟಿನವರಲ್ಲಿ ಇಲ್ಲದ್ದು ಏನು ಅಂತ ನೋಡಿ. ಮಂಗಟ್ಟೆ ಹಕ್ಕಿ ಗೂಡು ಮಾಡುವುದು ಹಳೇ ಪೊಟರೆ ಮರದಲ್ಲಿ. ಹೆಣ್ಣು ಒಳಗೆ ಕೂತು ಬಾಗಿಲು ಮೆತ್ತಿಕೊಳ್ಳುತ್ತದೆ, ಕೊಕ್ಕು ತೂರುವಷ್ಟು ಸೀಳು ಬಿಟ್ಟು. ಗಂಡು ತಿಂಗಳುಗಟ್ಟಲೆ ಅತ್ತಿಹಣ್ಣು ತಂದು ಆ ಸೀಳಿನಲ್ಲಿ ತಿನ್ನಿಸುತ್ತದೆ. ನಾಟಾ ಲೆಕ್ಕದಲ್ಲಿ ಪೊಟರೆ ಮರಕ್ಕೆ ಕವಡೆ ಕಿಮ್ಮತ್ತಿಲ್ಲ. ಅದೇ ಮರ ನೋಡಲು ಕ್ಯಾಮೆರಾ ಹೊತ್ತು ಪುಣೆ, ಬೆಂಗಳೂರಿನಿಂದ ಬರುತ್ತಾರೆ. ಯಾವ ಮರದಲ್ಲಿ ಈ ವರ್ಷ ಹಕ್ಕಿ ಕೂತಿದೆ ಅಂತ ನಿಮ್ಮೂರಿನ ಹುಡುಗನಿಗೆ ಗೊತ್ತು. ಅವನನ್ನು ಕರೆದುಕೊಂಡು ಹೋಗಿ, ದಿನಕ್ಕೆ ಇಷ್ಟು ಅಂತ ಕೊಡಿ. ಗೂಡಿನ ಹತ್ತಿರ ಹೋಗಲು, ಗಲಾಟೆ ಮಾಡಲು ಯಾರನ್ನೂ ಬಿಡಬೇಡಿ, ಎಷ್ಟೇ ಟಿಪ್ಸ್ ಕೊಟ್ಟರೂ.

ಊಟಕ್ಕೆ ಪನೀರ್ ಬೇಡ. ಜೊಯಿಡಾದಲ್ಲಿ ಗೆಡ್ಡೆ ಗೆಣಸಿನ ಮೇಳವೇ ನಡೆಯುತ್ತದೆ, ಕುಣಬಿ ಹೆಂಗಸರು ಬೆಳೆದ ಗೆಡ್ಡೆ ತಂದು ಅದನ್ನೇ ಬಡಿಸಿ. ರೆಸಾರ್ಟಿನಲ್ಲಿ ಸಾವಿರ ರೂಪಾಯಿ ಬಿಟ್ಟುಹೋದರೆ ತರಕಾರಿ ಪೇಟೆಯಿಂದ ಬರುತ್ತದೆ, ಮ್ಯಾನೇಜರ್ ಹೊರಗಿನವ, ಮಾಲೀಕ ಇನ್ನೂ ಹೊರಗಿನವ, ಊರಿನವನಿಗೆ ಪಾತ್ರೆ ತೊಳೆಯುವ ಸಂಬಳ. ನಿಮ್ಮಲ್ಲಿ ಅದೇ ಸಾವಿರ ನಾಲ್ಕು ಮನೆ ತಿರುಗುತ್ತದೆ. ಹುಲಿ ಸಂರಕ್ಷಿತ ಪ್ರದೇಶದ ಸುತ್ತ ಕಟ್ಟಡಕ್ಕೆ ನಿಯಮ ಬಿಗಿ ಇದೆ, ಇಟ್ಟಿಗೆ ಇಳಿಸುವ ಮೊದಲು ಪಂಚಾಯ್ತಿಯಲ್ಲೂ ಅರಣ್ಯ ಇಲಾಖೆಯಲ್ಲೂ ಲಿಖಿತದಲ್ಲೇ ಕೇಳಿ.

ಪ್ರಶ್ನೆ: ಕಾರಿನಲ್ಲಿ ಇಬ್ಬರು ಬಂದು, ನಿಮ್ಮ ಬೆಟ್ಟದ ಮರಗಳಿಗೆ ಕಾರ್ಬನ್ ದುಡ್ಡು ಕೊಡಿಸುತ್ತೇವೆ, ಸಹಿ ಹಾಕಿ ಅಂದರು. ಹಾಕಬಹುದಾ?
(ಯಲ್ಲಾಪುರ ಕಡೆ)

ಉತ್ತರ: ಕಾರ್ಬನ್ ದುಡ್ಡು ಅಂದರೆ ಮರ ಗಾಳಿಯ ಇಂಗಾಲ ಹಿಡಿದಿಡುವುದಕ್ಕೆ ಕೊಡುವ ದುಡ್ಡು. ಬೆಟ್ಟದ ಮರ ನಿಮ್ಮದಲ್ಲ, ಮಾರಲು ಬರುವುದಿಲ್ಲ. ನಿಮ್ಮದೇ ಮಾಲ್ಕಿ ಜಾಗದ ಮರವಾದರೆ ವಿಚಾರ ಮಾಡಬಹುದು. ಆದರೆ ಹತ್ತಾರು ವರ್ಷ ಕಡಿಯುವುದಿಲ್ಲ ಅಂತ ಬರೆದುಕೊಡಬೇಕಾಗುತ್ತದೆ, ನಡುವೆ ಮಗಳ ಮದುವೆ ಬಂದರೂ. ಕರಾರು ಪತ್ರ ಕನ್ನಡದಲ್ಲಿ ಕೊಡಿ, ವಾರ ಬಿಟ್ಟು ಹೇಳುತ್ತೇನೆ ಅನ್ನಿ. ಕೊಡುವುದಿಲ್ಲ ಅಂದರೆ ಚಾ ಕುಡಿಸಿ ಕಳಿಸಿ.