ಸಂಪಾದಕರ ಉತ್ತರ: ಕೊಟ್ಟ ಪುಸ್ತಕ ಮರಳಿ ಬಾರದಿದ್ದಾಗ

(ಯಲಬುರ್ಗಾ ತಾಲ್ಲೂಕಿನ ನಿವೃತ್ತ ಶಿಕ್ಷಕರೊಬ್ಬರ ಪತ್ರದ ಸಾರ: ‘ಓದಿನ ಹುಚ್ಚು ನನಗೆ ಬಾಲ್ಯದಲ್ಲೇ ಹಿಡಿಯಿತು. ಸಂಬಳದಲ್ಲಿ ಮಿಗಿಸಿ ಕೊಂಡ ಪುಸ್ತಕಗಳನ್ನು ಕೇಳಿದವರಿಗೆಲ್ಲ ಕೊಟ್ಟೆ; ಅರ್ಧಕ್ಕರ್ಧ ಮರಳಲಿಲ್ಲ. ಉಳಿದವನ್ನು ರದ್ದಿಗೆ ಹಾಕೆಂದು ಮಕ್ಕಳು ಹೇಳುತ್ತಿದ್ದಾರೆ. ಇನ್ನು ಕೊಡುವುದನ್ನು ನಿಲ್ಲಿಸಲೇ? ಅಥವಾ ಎಲ್ಲವನ್ನೂ ಒಂದೇ ಸಲಕ್ಕೆ ಗ್ರಂಥಾಲಯಕ್ಕೆ ಒಪ್ಪಿಸಿಬಿಡಲೇ?’)

ಮಾನ್ಯರೇ,

ಪುಸ್ತಕ, ವನಿತೆ, ವಿತ್ತ ಈ ಮೂರೂ ಪರರ ಕೈ ಸೇರಿದರೆ ಹೋದಂತೆಯೇ ಎನ್ನುವ ಸಂಸ್ಕೃತ ಸುಭಾಷಿತವನ್ನು ನೀವು ಪತ್ರದ ನಡುವೆ ನೆನೆದಿದ್ದೀರಿ. ಹೆಣ್ಣನ್ನು ಹಣದ ಗಂಟಿನ ಜೊತೆ ಎಣಿಸಿದ ಆ ಶ್ಲೋಕದ ಮೇಲೆ ನನಗೆ ಬೇರೆಯೇ ತಕರಾರಿದೆ, ಅದು ಇಲ್ಲಿ ಬೇಡ. ಒಂದು ವೇಳೆ ಮರಳಿ ಬಂದರೂ ಪುಸ್ತಕ ಜೀರ್ಣವಾಗಿಯೇ ಬರುತ್ತದೆ ಎಂದೂ ಅದು ಎಚ್ಚರಿಸುತ್ತದೆ. ನಮ್ಮ ಕಚೇರಿಯ ಕಪಾಟಿನಲ್ಲಿ ಹಾಗೆ ಜೀರ್ಣವಾಗಿ ಬಂದ ಒಂದು ಕಾದಂಬರಿಯಿದೆ. ಅದರ ಬೆನ್ನಿಗೆ ಯಾರೋ ಗಂಜಿಯ ಅಂಟು ಬಳಿದು ಹಳೆಯ ಕ್ಯಾಲೆಂಡರಿನ ಹಾಳೆ ಮೆತ್ತಿದ್ದಾರೆ. ನಡುವೆ ಗಂಗಾವತಿಯಿಂದ ಸಿಂಧನೂರಿಗೆ ಹೋದ ಬಸ್ಸಿನ ಟಿಕೆಟ್ಟೊಂದು ಮಾಸಿ ಕೂತಿದೆ. ಕಥಾನಾಯಕಿ ಗಂಡನ ಮನೆಯ ಹೊಸ್ತಿಲಲ್ಲಿ ನಿಂತು ಹಿಂದಕ್ಕೆ ಸರಿಯುವ ಪುಟದ ಅಂಚಿನಲ್ಲಿ ಪೆನ್ಸಿಲ್ಲಿನ ಬರಹ: ‘ಇವಳು ಹೋಗಬೇಕಿತ್ತು.’ ಅದರ ಕೆಳಗೆ ನೀಲಿ ಶಾಯಿಯಲ್ಲಿ, ಬೇರೆ ಕೈಯಲ್ಲಿ: ‘ಹೋಗಿ ಎಲ್ಲಿ ಇರಬೇಕಿತ್ತು?’ ಈ ಇಬ್ಬರು ಓದುಗರು ಒಬ್ಬರ ಮುಖವನ್ನು ಒಬ್ಬರು ಕಂಡಿದ್ದಾರೋ ಇಲ್ಲವೋ ತಿಳಿಯದು. ಅಂಗಡಿಯಿಂದ ತಂದ ಹೊಸ ಪ್ರತಿಯಲ್ಲಿ ಈ ಮಾತುಕತೆ ಸಿಗುವುದಿಲ್ಲವಾದ್ದರಿಂದ, ಜೀರ್ಣವಾದದ್ದನ್ನೆಲ್ಲ ನಷ್ಟದ ಲೆಕ್ಕಕ್ಕೆ ಹಾಕಲು ನನಗೆ ಮನಸ್ಸಾಗುವುದಿಲ್ಲ.

ನೀವೇ ಬರೆದಿದ್ದೀರಿ: ರಾತ್ರಿ ಒಂದು ಪುಸ್ತಕ ಮುಗಿಸಿದರೆ ಬೆಳಗ್ಗೆ ಅದನ್ನು ಸಹೋದ್ಯೋಗಿಯ ಕೈಗಿಟ್ಟು, ಅವರು ಓದಿ ಬರುವವರೆಗೆ ಚಡಪಡಿಸಿ, ಆಮೇಲೆ ಶಾಲೆಯ ಬೇವಿನ ಮರದ ಕೆಳಗೆ ಗಂಟೆ ಹೊಡೆದದ್ದೂ ಕೇಳದಂತೆ ವಾದಕ್ಕಿಳಿಯುತ್ತಿದ್ದೆವು ಎಂದು. ಆ ಪುಸ್ತಕ ಮರಳಿತೇ ಎಂಬುದನ್ನು ಮಾತ್ರ ಬರೆದಿಲ್ಲ. ಐವತ್ತು ವರ್ಷ ನಿಮ್ಮನ್ನು ಓದಿನಲ್ಲಿ ಹಿಡಿದಿಟ್ಟದ್ದರಲ್ಲಿ ಆ ವಾದದ ಪಾಲು ದೊಡ್ಡದೆಂದು ನನ್ನ ಎಣಿಕೆ. ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ನಿಲ್ಲಿಸಬೇಡಿ.

ಹಂಚುವ ವಿಷಯದಲ್ಲಿ ನಮ್ಮ ನೆರೆಯ ಲಕ್ಕುಂಡಿಯ ಅತ್ತಿಮಬ್ಬೆಯನ್ನು ನೆನೆಯದೆ ಮುಂದೆ ಹೋಗಲಾರೆ. ಅಚ್ಚಿನ ಮೊಳೆಯ ಕನಸೂ ಇಲ್ಲದ ಹತ್ತನೆಯ ಶತಮಾನದಲ್ಲಿ ಆಕೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಓಲೆಗರಿಯನ್ನು ಹದಗೊಳಿಸಿ, ಕಂಠವೆಂಬ ಕಬ್ಬಿಣದ ಲೇಖನಿಯಿಂದ ಒಂದೊಂದೇ ಅಕ್ಷರವನ್ನು ಕೊರೆದು, ಮಸಿ ತುಂಬಿ, ದಾರ ಪೋಣಿಸಿ ಒಂದು ಪ್ರತಿ ಸಿದ್ಧವಾಗುವಷ್ಟರಲ್ಲಿ ಲಿಪಿಕಾರನ ಬೆರಳು ಎಷ್ಟು ದಣಿದಿರಬೇಕೆಂದು ಊಹಿಸಿ, ಅದನ್ನು ಸಾವಿರದಿಂದ ಗುಣಿಸಿ ನೋಡಿ. ಅವನ್ನೆಲ್ಲ ಒಂದೇ ಭಂಡಾರದಲ್ಲಿ ಜೋಡಿಸಿಟ್ಟಿದ್ದರೆ ಒಂದು ಬೆಂಕಿಯೋ ಒಂದು ಗೆದ್ದಲಿನ ಹುತ್ತವೋ ಸಾಕಾಗುತ್ತಿತ್ತು. ರನ್ನ 993ರ ತನ್ನ ‘ಅಜಿತಪುರಾಣ’ದಲ್ಲಿ ಈಕೆಯ ಶೀಲವನ್ನು ಹೊಗಳುವಾಗ ಗಂಗಾಜಲದ ಜೊತೆಗೆ ಕೊಪಣಾಚಲವನ್ನೂ ಹೋಲಿಕೆಗೆ ತಂದಿದ್ದಾನೆ. ಆ ಕೊಪಣವೇ ನಿಮ್ಮ ಇಂದಿನ ಜಿಲ್ಲಾ ಕೇಂದ್ರ ಕೊಪ್ಪಳ.

ಅದಕ್ಕೂ ಹಿಂದೆ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ಊರುಗಳಲ್ಲಿ ಮಹಾಕೊಪಣನಗರವೂ ಒಂದು. ಕುರಿತು ಓದದೆಯೂ ಕಾವ್ಯದಲ್ಲಿ ಪರಿಣತರಾದ ಜನರ ಮಾತು ಬರುವುದೂ ಆ ಗ್ರಂಥದಲ್ಲಿಯೇ. ಈ ಮಾತನ್ನು ನಾನು ಎತ್ತಿದ್ದು ಹೆಮ್ಮೆಗಾಗಿ ಅಲ್ಲ. ‘ನಮ್ಮೂರಲ್ಲಿ ಈಗ ಓದುವವರೇ ಇಲ್ಲ’ ಎಂದು ನೀವು ನೊಂದುಕೊಂಡಿದ್ದೀರಿ, ಆದರೆ ಕೇಳುವವರು ಇದ್ದಾರಲ್ಲ. ನಮ್ಮ ಸೀಮೆಯಲ್ಲಿ ಶ್ರಾವಣಕ್ಕೆ ಇಂದಿಗೂ ಪುರಾಣ ಹಚ್ಚುತ್ತಾರೆ. ಒಬ್ಬರು ಪದ್ಯ ಓದುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ, ದಸರೆಯಲ್ಲಿ ಚಿದಾನಂದಾವಧೂತರ ದೇವೀಪುರಾಣ ಊರೂರಲ್ಲಿ ನಡೆಯುತ್ತದೆ. 1948ರವರೆಗೆ, ನಿಜಾಮರ ಆಡಳಿತದಲ್ಲಿ ಶಾಲೆ–ಕಚೇರಿಗಳಲ್ಲಿ ಉರ್ದುವಿನದೇ ಮೇಲುಗೈಯಾಗಿದ್ದ ಕಾಲದಲ್ಲೂ, ಅಕ್ಷರ ಬಾರದ ಎಷ್ಟೋ ಜನ ಷಟ್ಪದಿಗಳನ್ನು ಬಾಯಿಪಾಠ ಹೇಳುವಷ್ಟು ಕನ್ನಡವನ್ನು ಉಳಿಸಿಕೊಂಡದ್ದು ಇಂಥ ಕಟ್ಟೆಗಳ ಮೇಲೆಯೇ. ಪುರಾಣದ ಜಾಗದಲ್ಲಿ ಒಂದು ಸಣ್ಣಕತೆಯನ್ನಿಟ್ಟು ನೋಡಿ. ಸಂಜೆ ಹೊಲದಿಂದ ಬಂದವರು ಕೂತರೆ ಅರ್ಧ ಗಂಟೆ ಓದಿ, ಕೂರದಿದ್ದರೆ ಮನೆಯವರಿಗೇ ಓದಿ. ಮೇಷ್ಟರ ಗಂಟಲಿಗೆ ಇದು ಹೊಸ ಕೆಲಸವಲ್ಲ.

ಇನ್ನು ಗ್ರಂಥಾಲಯ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಸೇರಿ, ಈಗ ‘ಅರಿವು ಕೇಂದ್ರ’ ಎಂಬ ಹೆಸರು ಹೊತ್ತಿವೆ. ಅಲ್ಲಿಗೆ ಕೊಡಿ, ಆದರೆ ಗಾಡಿಯಲ್ಲಿ ತುಂಬಿ ಒಂದೇ ಸಲಕ್ಕೆ ಇಳಿಸಬೇಡಿ. ಹಾಗೆ ಇಳಿದ ಗಂಟುಗಳು ದಾರ ಬಿಚ್ಚಿಸಿಕೊಳ್ಳದೆ ಮೂಲೆ ಸೇರಿದ್ದನ್ನು ಕಂಡಿದ್ದೇನೆ. ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಎರಡನೆಯದು ಪ್ರತಿ ಓದುಗನಿಗೂ ಅವನ ಪುಸ್ತಕ, ಮೂರನೆಯದು ಪ್ರತಿ ಪುಸ್ತಕಕ್ಕೂ ಅದರ ಓದುಗ. ಮೂರನೆಯದನ್ನು ನಡೆಸಲು ಕಪಾಟಿಗಿಂತ ಮುಖಪರಿಚಯವುಳ್ಳ ಮನುಷ್ಯ ಬೇಕು. ಯಾವ ಹುಡುಗಿ ಏಳನೆಯ ತರಗತಿಯಲ್ಲಿ ನಕ್ಷತ್ರಗಳ ಬಗ್ಗೆ ಪ್ರಶ್ನೆ ಕೇಳುತ್ತಾಳೆ, ಯಾವ ಹಮಾಲನಿಗೆ ಬಯಲಾಟದ ಪದಗಳೆಂದರೆ ಪ್ರಾಣ ಎಂಬುದು ಊರಿನಲ್ಲಿ ನಿಮಗೆ ಗೊತ್ತಿರುವಷ್ಟು ಮತ್ತಾರಿಗೂ ಗೊತ್ತಿರಲಾರದು. ತಿಂಗಳಿಗೆ ನಾಲ್ಕೈದು ಪುಸ್ತಕ ಒಯ್ದು, ಅಲ್ಲಿಯೇ ಕೂತು, ಯಾರಿಗೆ ಯಾವುದೆಂದು ಕೈಯಾರೆ ಕೊಡಿ.

ಮರಳದ ಪುಸ್ತಕಗಳಿಗೆ ಒಂದು ವಹಿ ಸಾಕು: ಹೆಸರು, ಪುಸ್ತಕ, ಕೊಟ್ಟ ದಿನ. ತಡವಾದರೆ ‘ಪುಸ್ತಕ ಎಲ್ಲಿ’ ಎಂದು ಕೇಳುವ ಬದಲು ‘ಎಲ್ಲಿಯವರೆಗೆ ಓದಿದಿ’ ಎಂದು ಕೇಳಿ. ಓದದವನು ನಾಚಿಕೊಂಡು ತಂದುಕೊಡುತ್ತಾನೆ, ಓದಿದವನು ಕೂತು ಮಾತಾಡುತ್ತಾನೆ. ಮರುಮುದ್ರಣ ಕಾಣದ ಪುಸ್ತಕಗಳನ್ನೂ ನಿಮ್ಮದೇ ಟಿಪ್ಪಣಿಗಳಿರುವ ಪ್ರತಿಗಳನ್ನೂ ಮಾತ್ರ ಮನೆಯಿಂದ ಹೊರಗೆ ಕಳಿಸಬೇಡಿ. ಅವು ಬೇಕೆಂದವರು ನಿಮ್ಮ ಪಡಸಾಲೆಗೇ ಬಂದು ಓದಲಿ, ಚಹಾದ ಖರ್ಚು ನಿಮ್ಮದು.

— ಸಂಪಾದಕ